ಲಾರೆನ್ ಆಲಿವರ್ ಅವರ 'ಪ್ಯಾಂಡಿಮೋನಿಯಮ್' ಮುಗಿಸಿದೆ, ಜೂಲಿಯನ್‌ನನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಮೂರನೆಯದು ಓದಲಾ ಬೇಡವಾ?

ಮಳೆಹನಿ:
ಕೆಳಗೆ ಕಥೆಯ ಗುಟ್ಟೆಲ್ಲ ಬಿಟ್ಟುಕೊಟ್ಟಿದ್ದೇನೆ. ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಈ ಸರಣಿಯ ಮೊದಲನೆಯದು 'ಡಿಲೀರಿಯಮ್', ನನಗೆ ಹುಚ್ಚು ಹಿಡಿಸಿದ ಪುಸ್ತಕ. ಪ್ರೀತಿ ಅನ್ನುವುದು ಕಾಯಿಲೆ ಅಂತ ಸರ್ಕಾರವೇ ಸಾರುವ ದೇಶ, ಹದಿನೆಂಟು ತುಂಬಿದ ಕೂಡಲೇ ಎಲ್ಲರಿಗೂ ಆಪರೇಷನ್, ಯಾರನ್ನು ಮದುವೆಯಾಗಬೇಕು ಅನ್ನುವುದನ್ನೂ ಅವರೇ ಗೊತ್ತು ಮಾಡುವುದು. ಆಪರೇಷನ್‌ಗೆ ಮುಂಚಿನ ಸಂದರ್ಶನದಲ್ಲಿ ಕಥಾನಾಯಕಿ ಲೀನಾಗೆ ಇಷ್ಟದ ಬಣ್ಣ ಯಾವುದು ಅಂತ ಕೇಳುತ್ತಾರೆ, ಅವಳ ಬಾಯಿಂದ ಬೂದು ಅಂತ ಬಂದುಬಿಡುತ್ತದೆ, ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಆಕಾಶಕ್ಕೆ ಇರುವ ಬಣ್ಣ. ಆ ಪುಟದಿಂದಲೇ ನಾನು ಅವಳ ಜೊತೆ ಹೊರಟುಬಿಟ್ಟೆ. ಕೊನೆಯಲ್ಲಿ ಅವಳು ಪ್ರೀತಿಸಿದ ಹುಡುಗ ಅಲೆಕ್ಸ್ ಊರಿನ ಗಡಿಬೇಲಿಯ ಈಚೆ ಗುಂಡು ತಿಂದು ಉಳಿದುಕೊಂಡು, ನೀನು ಓಡು ಅಂತ ಅವಳನ್ನು ಕಳಿಸುತ್ತಾನಲ್ಲ, ಅದನ್ನು ಮೂರು ಸಲ ಓದಿದ್ದೇನೆ. ಮೂರು ಸಲವೂ ಕಣ್ಣು ತುಂಬಿ ಬಂತು.

ಈಗ ಎರಡನೆಯದಕ್ಕೆ, 'ಪ್ಯಾಂಡಿಮೋನಿಯಮ್'ಗೆ ಬರುತ್ತೇನೆ. ಬೇಲಿಯಾಚೆಯ ಕಾಡಿನ ಭಾಗ ನನಗೆ ತುಂಬಾ ಇಷ್ಟವಾಯಿತು. ಲೀನಾ ಸತ್ತಂತೆ ಬಿದ್ದಿರುತ್ತಾಳೆ, ಕಾಡಿನಲ್ಲಿ ಅಡಗಿ ಬದುಕುವವರ ಮುಂದಾಳು ರೇವನ್ ಎತ್ತಿಕೊಂಡು ಬಂದು ಬದುಕಿಸುತ್ತಾಳೆ. ನದಿಯಿಂದ ನೀರು ಹೊರಲೂ ಮೈಯಲ್ಲಿ ಶಕ್ತಿ ಇಲ್ಲದ ಹುಡುಗಿ ದಿನಾ ಸ್ವಲ್ಪ ಸ್ವಲ್ಪ ದೂರ ಓಡುತ್ತಾ ಗಟ್ಟಿಯಾಗುತ್ತಾಳೆ. ಅಲೆಕ್ಸ್ ಹೆಸರು ನೆನೆಸಿಕೊಳ್ಳುವುದಕ್ಕೂ ಹೆದರುತ್ತಾಳೆ. ದುಃಖ ಇರುವುದೇ ಹಾಗೆ ಅಲ್ವಾ? ನಮ್ಮ ಅಜ್ಜ ಹೋದ ವರ್ಷ ಅಜ್ಜಿ ಬಾಯಿಬಿಟ್ಟು ಅತ್ತಿದ್ದನ್ನು ನಾನು ನೋಡಲಿಲ್ಲ, ದಿನಾ ಬೆಳಗ್ಗೆ ಹಿತ್ತಲಲ್ಲಿ ಕಳೆ ಕೀಳುತ್ತಾ ಕೂರುತ್ತಿದ್ದರು, ಕಳೆ ಇಲ್ಲದ ಕಡೆಯೂ. ಲೀನಾ ಓಡುವುದನ್ನು ಓದುವಾಗ ಅಜ್ಜಿಯೇ ಕಣ್ಣ ಮುಂದೆ ಬಂದರು.

ಆದರೆ ನ್ಯೂಯಾರ್ಕ್ ಭಾಗದಲ್ಲಿ ಜೂಲಿಯನ್ ಬರುತ್ತಾನೆ. ಇಬ್ಬರನ್ನೂ ಹೊತ್ತುಕೊಂಡು ಹೋಗಿ ನೆಲದಡಿಯ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಕೆಲವೇ ದಿನ. ಅಷ್ಟರಲ್ಲಿ ಪ್ರೀತಿ! ಆರು ತಿಂಗಳಿಗೂ ಜಾಸ್ತಿ ಅವಳ ಜೊತೆ ನಾನೂ ಅತ್ತಿದ್ದೇನೆ ಅನ್ನಿಸುತ್ತಿತ್ತು, ಅವಳು ನನ್ನನ್ನು ಅಲ್ಲೇ ಬಿಟ್ಟು ಮುಂದೆ ಹೋದಳು. ಸರಿ, ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡು ಜೂಲಿಯನ್‌ನನ್ನು ಒಪ್ಪಿಕೊಳ್ಳುವ ಹೊತ್ತಿಗೆ ಕೊನೇ ಪುಟದಲ್ಲಿ ಅಲೆಕ್ಸ್ ಜೀವಂತವಾಗಿ ಬಂದು ನಿಲ್ಲುತ್ತಾನೆ. ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಮಂಡ್ಯ ದಾಟುವಾಗ ರೈಲಿನಲ್ಲಿ ಪುಸ್ತಕ ಮುಚ್ಚಿದವಳು ಬೆಂಗಳೂರು ಬರುವ ತನಕ ಸುಮ್ನೆ ಕಿಟಕಿ ನೋಡುತ್ತಾ ಕೂತಿದ್ದೆ. ನಿಮಗೂ ಹೀಗಾಯಿತಾ? ಮೂರನೆಯದಕ್ಕೆ ಕೈ ಹಾಕಲಾ?

ಕಾಫಿತೋಟ:
ನಾನು ಜೂಲಿಯನ್ ಕಡೆ. ಅವನನ್ನು ಇನ್ನೊಂದು ಸಲ ನೋಡಿ. ಅಪ್ಪ ಪ್ರೀತಿಯನ್ನು ಬೇರುಸಹಿತ ಕಿತ್ತುಹಾಕಬೇಕು ಅನ್ನುವ ಸಂಘಟನೆಯ ಮುಖ್ಯಸ್ಥ. ಮಗನಿಗೆ ಮಿದುಳಿನಲ್ಲಿ ಗಡ್ಡೆ ಆಗಿತ್ತು, ಹಾಗಾಗಿ ಆ ಆಪರೇಷನ್ ಮಾಡಿದರೆ ಅವನು ಸಾಯಬಹುದು. ಆದರೂ ಸಾವಿರಾರು ಜನರ ಮುಂದೆ ನಿಂತು ನನಗೆ ಮಾಡಿ ಅಂತಾನೆ. ಹೆತ್ತ ಅಪ್ಪನೇ ಮಗನನ್ನು ವೇದಿಕೆ ಮೇಲೆ ನಿಲ್ಲಿಸಿ ಅದನ್ನು ಹೇಳಿಸುತ್ತಾನೆ. ನನಗಂತೂ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಲೀನಾ ಅವನಲ್ಲಿ ಕಂಡದ್ದು ಅಲೆಕ್ಸ್‌ನನ್ನಲ್ಲ, ಹಳೆಯ ತನ್ನನ್ನೇ. ಅವಳೂ ಆಪರೇಷನ್‌ಗೆ ದಿನ ಎಣಿಸುತ್ತಿದ್ದವಳೇ ಅಲ್ವಾ? ಅಲೆಕ್ಸ್ ಅವಳಿಗೆ ಕಣ್ಣು ತೆರೆಸಿದ, ಈಗ ಇವಳು ಇನ್ನೊಬ್ಬನಿಗೆ ತೆರೆಸುತ್ತಾಳೆ. ಇಡೀ ಕಥೆ ಹೇಳುವುದೇ ಪ್ರೀತಿಸುವುದು ಬಿಡುವುದು ಅವರವರ ಇಷ್ಟ ಅಂತ. ಹಾಗಿದ್ದ ಮೇಲೆ ಒಬ್ಬರನ್ನು ಕಳೆದುಕೊಂಡ ಹದಿನೆಂಟರ ಹುಡುಗಿ ಇನ್ನೊಬ್ಬರನ್ನು ಪ್ರೀತಿಸಬಾರದು ಅಂತ ನಾವು ಹೇಳಿದರೆ, ನಾವೂ ಬೇಲಿ ಹಾಕಿದ ಹಾಗಲ್ವಾ? ಬೇಗ ಆಯಿತು ಅನ್ನುವುದನ್ನು ಒಪ್ಪುತ್ತೇನೆ. ಇನ್ನೊಂದು ಐವತ್ತು ಪುಟ ಕೊಟ್ಟಿದ್ದರೆ ಚೆನ್ನಾಗಿತ್ತು.

ಹಳೇಪುಟ:
ಇಬ್ಬರೂ ಹುಡುಗರ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಈ ಪುಸ್ತಕ ಅಂದರೆ ರೇವನ್.

'ಆಗ' ಒಂದು ಅಧ್ಯಾಯ, 'ಈಗ' ಒಂದು ಅಧ್ಯಾಯ ಅಂತ ಕಥೆ ಓಡುತ್ತದಲ್ಲ, ಮೊದಮೊದಲು ನನಗೆ ಅದು ಕಿರಿಕಿರಿಯಾಯಿತು. 'ಈಗ' ಲೀನಾ ಬ್ರೂಕ್ಲಿನ್‌ನಲ್ಲಿ ಸುಳ್ಳು ಹೆಸರಿನಲ್ಲಿ ಶಾಲೆಗೆ ಹೋಗುತ್ತಿದ್ದಾಳೆ ಅಂದ ಮೇಲೆ 'ಆಗ' ಕಾಡಿನಲ್ಲಿ ಸಾಯಲಿಲ್ಲ ಅಂತ ಗೊತ್ತೇ ಆಯಿತು. ಮತ್ತೆ ಭಯ ಎಲ್ಲಿಂದ ಬರಬೇಕು? ಆದರೆ ಬ್ಲೂ ಇದ್ದಾಳಲ್ಲ, ಆ ಪುಟ್ಟ ಹುಡುಗಿ, 'ಈಗ'ದಲ್ಲಿ ಅವಳ ಸುದ್ದಿಯೇ ಇಲ್ಲ. ಅದು ಹೊಳೆದ ಕ್ಷಣ ಪುಟ ತಿರುಗಿಸಲು ಕೈ ಬರಲಿಲ್ಲ. ಯಾರೋ ಬಿಟ್ಟುಹೋದ, ಮೈ ನೀಲಿಗಟ್ಟಿದ್ದ ಕೂಸನ್ನು ಎತ್ತಿಕೊಂಡು ಕಾಡಿಗೆ ಓಡಿದವಳು ರೇವನ್. ಅದಕ್ಕೇ ಆ ಹೆಸರು. ಚಳಿಗಾಲದಲ್ಲಿ ಗುಳೆ ಹೊರಟಾಗ ಆ ಮಗು ಕೈಬಿಟ್ಟು ಹೋಗುತ್ತದೆ.

ಆಮೇಲೆ 'ಈಗ'ದಲ್ಲಿ ತಿಳಿಯುತ್ತದೆ, ಲೀನಾ ಸಿಕ್ಕಿಬಿದ್ದದ್ದು ಆಕಸ್ಮಿಕ ಅಲ್ಲ, ರೇವನ್ ಮತ್ತು ಅವಳ ಸಂಗಾತಿ ಟ್ಯಾಕ್‌ಗೆ ಮೊದಲೇ ಗೊತ್ತಿತ್ತು ಅಂತ. ಪ್ರೀತಿ ಬೇಕು ಅಂತ ಹೋರಾಡುವವರೇ ಒಂದು ಹುಡುಗಿಯನ್ನು ದಾಳ ಮಾಡಿಕೊಂಡರು. ನನಗೆ ಅಲೆಕ್ಸ್ ಬಂದದ್ದಕ್ಕಿಂತ ದೊಡ್ಡ ಪೆಟ್ಟು ಇದು. ಮಗುವಿಗಾಗಿ ಎಲ್ಲ ಬಿಟ್ಟು ಓಡಿದವಳೇ ಇಷ್ಟು ಕಲ್ಲಾದಳು ಅಂದರೆ, ಆ ಚಳಿಗಾಲ ಅವಳಿಂದ ಏನೇನು ಕಿತ್ತುಕೊಂಡಿರಬೇಕು. ಬರೆದವರು ಇದನ್ನು ಇನ್ನೂ ಆಳಕ್ಕೆ ತೆಗೆದುಕೊಂಡು ಹೋಗಬೇಕಿತ್ತು. ಲೀನಾ ಕೋಪ ಮಾಡಿಕೊಳ್ಳುತ್ತಾಳೆ, ಆದರೆ ಅಷ್ಟರಲ್ಲಿ ಜೂಲಿಯನ್‌ನನ್ನು ಬಿಡಿಸುವ ಗಡಿಬಿಡಿ. ನನ್ನ ದೂರು ಅದೊಂದೇ.

ನೀಲಿಶಾಯಿ:
ಮೂರನೆಯದು, 'ರೆಕ್ವಿಯಮ್', ಓದಿ, ಬಿಡಬೇಡಿ. 2013ರಲ್ಲಿ ಬಂದದ್ದು, ಇಲ್ಲಿಗೆ ಮೂರು ಪುಸ್ತಕ ಮುಗಿಯುತ್ತದೆ. ಅಲ್ಲಿ ಒಂದು ಅಧ್ಯಾಯ ಲೀನಾ ಹೇಳಿದರೆ ಇನ್ನೊಂದನ್ನು ಅವಳ ಗೆಳತಿ ಹಾನಾ ಹೇಳುತ್ತಾಳೆ. ಹಾನಾಗೆ ಆಪರೇಷನ್ ಆಗಿದೆ, ಪೋರ್ಟ್‌ಲ್ಯಾಂಡ್‌ನ ದೊಡ್ಡ ಮನೆಯ ಹುಡುಗನ ಜೊತೆ ಮದುವೆ ಗೊತ್ತಾಗಿದೆ, ಆದರೂ ಏನೋ ಪೂರ್ತಿ ವಾಸಿಯಾಗಿಲ್ಲ. ಲೀನಾಳ ಭಾಗಕ್ಕಿಂತ ಹಾನಾಳ ಭಾಗವೇ ನನ್ನನ್ನು ಜಾಸ್ತಿ ಹಿಡಿದಿಟ್ಟಿತು. ಅವಳು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡ ಒಂದು ವಿಷಯ ಇದೆ, ಅದು ಗೊತ್ತಾದ ಮೇಲೆ ಮೊದಲ ಪುಸ್ತಕದ ಕೊನೆಯನ್ನೇ ತಿರುಗಿ ಓದಬೇಕಾಯಿತು.

ಇಬ್ಬರು ಹುಡುಗರ ಗೊಂದಲ ಅಲ್ಲೂ ಇದೆ, ಕೆಲವು ಕಡೆ ಎಳೆದಾಟ ಅನ್ನಿಸುತ್ತದೆ. ಎಲ್ಲ ಗಂಟು ಬಿಡಿಸಿ ಕೈಗೆ ಕೊಡುವ ಕೊನೆಯೂ ಅಲ್ಲ. ಅದನ್ನು ಮೊದಲೇ ತಿಳಿದುಕೊಂಡು ಓದಿದರೆ ಬೇಜಾರಾಗುವುದಿಲ್ಲ.

ಮಳೆಹನಿ:
ಎಲ್ಲರಿಗೂ ಥ್ಯಾಂಕ್ಸ್. ಹಳೇಪುಟ ಅವರೇ, ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಬ್ಲೂ ಬರುವ ಪುಟಗಳನ್ನೆಲ್ಲ ಮತ್ತೆ ಓದಿದೆ. ಮೊದಲ ಸಲ ಅಲೆಕ್ಸ್ ಅಲೆಕ್ಸ್ ಅಂತ ಓಡುತ್ತಾ ಓದಿದ್ದೆ, ರೇವನ್ ಮುಖವನ್ನೇ ನೋಡಿರಲಿಲ್ಲ. ಈಗ ಅವಳ ಮೇಲೆ ಸಿಟ್ಟೂ ಬರುತ್ತಿದೆ, ಪಾಪ ಅಂತಲೂ ಅನ್ನಿಸುತ್ತಿದೆ.

ಕಾಫಿತೋಟ ಅವರೇ, ಬೇಲಿ ಹಾಕಿದ ಹಾಗಲ್ವಾ ಅಂದಿರಲ್ಲ, ಆ ಮಾತು ನಿಜ. ಜೂಲಿಯನ್‌ನನ್ನು ಒಪ್ಪಿದೆ. ಆದರೆ ಆ ಕೊನೇ ಪುಟವನ್ನು ಒಪ್ಪುವುದಿಲ್ಲ. ಅವಳು ಅಷ್ಟು ಕಷ್ಟಪಟ್ಟು ದಾಟಿದ ದುಃಖವನ್ನು ಒಂದೇ ಸಾಲಿನಲ್ಲಿ ಸುಳ್ಳು ಮಾಡಿಬಿಟ್ಟರು. ಅಲೆಕ್ಸ್ ಬರಲಿ, ಆದರೆ ಪುಸ್ತಕದ ಮಧ್ಯದಲ್ಲಿ ಬರಬೇಕಿತ್ತು, ಅವನನ್ನು ಕಂಡ ಲೀನಾಳ ಜೊತೆ ನಾನೂ ಸ್ವಲ್ಪ ಹೊತ್ತು ಇರಬೇಕಿತ್ತು.

ಮೂರನೆಯದು ಗೆಳತಿಯ ಹತ್ತಿರ ಇದೆಯಂತೆ, ಶನಿವಾರ ತರುತ್ತೇನೆ. ಅಲ್ಲಿಯ ತನಕ ಅಲೆಕ್ಸ್ ಏನು ಮಾಡಿದ ಅಂತ ಯಾರೂ ಇಲ್ಲಿ ಬರೆಯಬೇಡಿ.