ಪದ್ಮಿನಿಯ ಹೀಟರ್ ಬ್ಲೋವರ್: ಒಂದನೇ ಸ್ಪೀಡ್ ಸತ್ತಿದೆ, ಎರಡನೇದು ಕುಂಟುತ್ತಿದೆ

ಭಟ್ಟಿ ಓಣಿ ಪದ್ಮಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು 1986ರ ಪ್ರೀಮಿಯರ್ ಪದ್ಮಿನಿ ಕಾರು. ಅಪ್ಪ 1994ರಲ್ಲಿ ಊಟಿಯವರೊಬ್ಬರಿಂದ ತಗೊಂಡಿದ್ದು. ಅಲ್ಲಿನ ಚಳಿಗೆ ಅಂತ ಮೊದಲಿನ ಓನರ್ ಡ್ಯಾಶ್‌ಬೋರ್ಡ್ ಕೆಳಗೆ ಹೀಟರ್ ಕೂರಿಸಿದ್ದರು. ಅದರ ಬ್ಲೋವರ್‌ಗೆ, ಅಂದರೆ ಗಾಳಿ ಊದುವ ಫ್ಯಾನಿಗೆ, ಎರಡು ಸ್ಪೀಡ್ ಸ್ವಿಚ್, ಮುಂದಿನ ಗ್ಲಾಸ್ ಕಡೆಗೆ ಎರಡು ಪೈಪ್.

ದಾವಣಗೆರೆ ಬಿಸಿಲಲ್ಲಿ ಹೀಟರ್ ಯಾಕೆ, ಬಿಚ್ಚಿ ಬಿಸಾಕಿ ಅಂತ ಹೇಳಿದವರು ಬಹಳ ಜನ. ಆದರೆ ಪ್ರತಿ ಶ್ರಾವಣದಲ್ಲಿ ಅಮ್ಮನನ್ನು ಇದೇ ಗಾಡಿಯಲ್ಲಿ ಶೃಂಗೇರಿಗೆ ಕರೆದುಕೊಂಡು ಹೋಗುತ್ತೇನೆ. ಶಿವಮೊಗ್ಗ ದಾಟಿ ಮಂಡಗದ್ದೆ ಹತ್ತಿರ ಬಂದರೆ ಸಾಕು, ಮಳೆಗೆ ಕಿಟಕಿ ಏರಿಸಿದ ತಕ್ಷಣ ಒಳಗಿನಿಂದ ಗ್ಲಾಸ್ ಮಬ್ಬಾಗುತ್ತದೆ. ಹೋದ ವರ್ಷ ಅಮ್ಮ ತೀರ್ಥಹಳ್ಳಿ ತನಕ ನನ್ನ ಮುಂದೆ ಬಗ್ಗಿ ಸೆರಗಿನಿಂದ ಗ್ಲಾಸ್ ಒರೆಸುತ್ತಲೇ ಬಂದರು. ಎದುರಿನಿಂದ ಬಂದ ಬಸ್ಸಿನ ಲೈಟು ಗ್ಲಾಸ್ ತುಂಬಾ ಹರಡಿಕೊಂಡು ರಸ್ತೆಯ ಅಂಚೇ ಕಾಣಲಿಲ್ಲ. ಆ ಭಯ ಇನ್ನೂ ಹೋಗಿಲ್ಲ. ಈ ಸಲ ಬ್ಲೋವರ್ ಸರಿಯಾಗದೆ ಗಾಡಿ ಹೊರಗೆ ತೆಗೆಯೋದಿಲ್ಲ.

ತೊಂದರೆ ಹೀಗಿದೆ. ಒಂದನೇ ಸ್ಪೀಡ್‌ನಲ್ಲಿ ಮೋಟಾರ್ ಅಲ್ಲಾಡುವುದೇ ಇಲ್ಲ. ಎರಡರಲ್ಲಿ ತಿರುಗುತ್ತದೆ, ಆದರೆ ಎಣ್ಣೆ ಕಾಣದ ಗಿರಣಿ ಥರ ಕಿರುಗುಟ್ಟುತ್ತದೆ. ಹೆಡ್‌ಲೈಟ್ ಹಾಕಿದರೆ ಇನ್ನೂ ಮಂದ. ಹತ್ತು ನಿಮಿಷಕ್ಕೆ ಫ್ಯೂಸ್ ಮುಟ್ಟಲಾಗದಷ್ಟು ಬಿಸಿ. ಒಬ್ಬ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಕರೆಂಟ್ ಚೆನ್ನಾಗಿದೆ, ಮೋಟಾರ್ ಹೋಗಿದೆ ಅಂದರು. ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಅಂತ ಅದರ ಮೇಲೆ ತಾಮ್ರದ ಎಳೆ ಸುತ್ತಿಕೊಟ್ಟರು. ಎರಡು ವರ್ಷದ ಹಿಂದೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದೆ. ಅದಕ್ಕೆ ಮುಂಚೆ ಇದು ಚೆನ್ನಾಗಿಯೇ ಇತ್ತು. ನಿಜವಾಗಲೂ ಮೋಟಾರ್ ಹೋಗಿದೆಯಾ? ಇದರ ಜೋಡಿ ಮೋಟಾರ್ ಎಲ್ಲೂ ಸಿಗುತ್ತಿಲ್ಲ.

ಕೋಟೆ ವೈರಿಂಗ್, ಚಿತ್ರದುರ್ಗ

ಮೊದಲು ಆ ತಾಮ್ರದ ಎಳೆ ಬಿಚ್ಚಿ. ಇವತ್ತೇ ಬಿಚ್ಚಿ. ಫ್ಯೂಸ್ ಇರೋದು ವೈರ್ ಉಳಿಸೋಕೆ. ಎಳೆ ಸುತ್ತಿದರೆ ಮುಂದೆ ಉರಿಯೋದು ಡ್ಯಾಶ್‌ಬೋರ್ಡ್ ಹಿಂದಿನ ವೈರು. ನಲವತ್ತು ವರ್ಷದ ಹಳೇ ವೈರು ಅದು.

ಎರಡನೇದು, ಟೆಸ್ಟ್ ಲ್ಯಾಂಪ್ ಹತ್ತಿತು ಅಂತ ಕರೆಂಟ್ ಸರಿ ಅಂದುಕೊಳ್ಳಬೇಡಿ. ಆ ಪುಟ್ಟ ಬಲ್ಬಿಗೆ ಬೇಕಾದ ಕರೆಂಟ್ ತುಕ್ಕು ಹಿಡಿದ ಜಾಯಿಂಟ್‌ನಲ್ಲೂ ಹರಿಯುತ್ತದೆ. ಮೋಟಾರ್ ಲೆಕ್ಕ ಬೇರೆ. 6 ಆಂಪಿಯರ್ ಎಳೆಯುವ ಮೋಟಾರ್‌ಗೆ ದಾರಿಯಲ್ಲಿ ಅರ್ಧ ಓಮ್ ಅಡ್ಡ ಬಂದರೆ 3 ವೋಲ್ಟ್ ಅಲ್ಲೇ ಹೋಯಿತು. 18 ವ್ಯಾಟ್ ಬಿಸಿಯಾಗಿ ಆ ಜಾಯಿಂಟ್ ಸುಡುತ್ತದೆ. ನಿಮ್ಮ ಫ್ಯೂಸ್ ಕಾಯುತ್ತಿರೋದೂ ಇದೇ ಕಾರಣಕ್ಕೆ ಇರಬಹುದು. ಪದ್ಮಿನಿಯ ಬಿಳಿ ಪಿಂಗಾಣಿ ಫ್ಯೂಸ್‌ಗಳ ತುದಿ, ಅದನ್ನು ಹಿಡಿಯುವ ಪಟ್ಟಿ ಎರಡೂ ಕಿಲುಬು ಹಿಡಿಯುತ್ತವೆ. ಉಜ್ಜಿ, ಪಟ್ಟಿ ಒಳಗೆ ಬಗ್ಗಿಸಿ ಬಿಗಿ ಮಾಡಿ.

ಈಗ ಮಲ್ಟಿಮೀಟರ್ ತಗೊಳ್ಳಿ. ಬ್ಲೋವರ್ ಎರಡನೇ ಸ್ಪೀಡ್‌ನಲ್ಲಿ ಓಡುತ್ತಿರಲಿ, ನಿಲ್ಲಿಸಿ ನೋಡಿದರೆ ಉಪಯೋಗ ಇಲ್ಲ. ಬ್ಯಾಟರಿಯಲ್ಲಿ ಎಷ್ಟು, ಮೋಟಾರ್‌ನ ಎರಡು ವೈರ್ ಮಧ್ಯೆ ಎಷ್ಟು ನೋಡಿ. ಆಮೇಲೆ ಮೀಟರ್‌ನ ಒಂದು ಮುಳ್ಳು ಮೋಟಾರ್‌ನ ಅರ್ತ್ ವೈರಿಗೆ (ಗಾಡಿಯ ತಗಡಿಗೆ ಸೇರುವ ವೈರು), ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ನೋಡಿ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಪೇಂಟ್ ಮಾಡಿಸಿದ ಮೇಲೆ ಶುರುವಾಯಿತು ಅಂದಿರಲ್ಲ, ನನಗೆ ಅರ್ತ್ ಮೇಲೇ ಅನುಮಾನ.

ಭಟ್ಟಿ ಓಣಿ ಪದ್ಮಿನಿ

ಅಣ್ಣ, ನೀವು ಹೇಳಿದ್ದು ಸರಿ. ಎಳೆ ಬಿಚ್ಚಿ ಹೊಸ 8 ಆಂಪಿಯರ್ ಫ್ಯೂಸ್ ಹಾಕಿ ನೋಡಿದೆ. ಬ್ಯಾಟರಿಯಲ್ಲಿ 12.4, ಮೋಟಾರ್‌ನಲ್ಲಿ ಬರೀ 9.1. ಅರ್ತ್ ಕಡೆಯೇ 2.4 ವೋಲ್ಟ್ ಹೋಗುತ್ತಿದೆ! ಉಳಿದ 0.9 ಫ್ಯೂಸ್, ಸ್ವಿಚ್ ಕಡೆ.

ಅರ್ತ್ ಸ್ಕ್ರೂ ಹುಡುಕೋಕೆ ಸೀಟಿನ ಕೆಳಗೆ ತಲೆ ಹಾಕಿ ಮಲಗಬೇಕಾಯಿತು. ಹೊಸ ಪೇಂಟಿನ ಮೇಲೇ ಸ್ಕ್ರೂ ಬಿಗಿದಿದ್ದಾರೆ. ತಿಂಬಲ್ (ವೈರ್ ತುದಿಯ ಲೋಹದ ಉಂಗುರ) ಕೆಳಗೆ ದುಂಡಗೆ ನೀಲಿ ಪೇಂಟ್ ಹಾಗೇ ಇತ್ತು. ಸ್ಕ್ರೂನ ಎಳೆಯಲ್ಲಿ ಮಾತ್ರ ಒಂಚೂರು ತಗಡು ತಾಗಿ ಇಷ್ಟು ದಿನ ಓಡಿದೆ. ತಗಡು ಹೊಳೆಯುವ ತನಕ ಕೆರೆದು, ಹೊಸ ತಿಂಬಲ್ ಹಾಕಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆ. ಈಗ ಅಲ್ಲಿ 0.1. ಮೋಟಾರ್‌ಗೆ ಜೀವ ಬಂತು. ಆದರೆ ಕಿರುಗುಟ್ಟುವುದು ನಿಂತಿಲ್ಲ, ಒಂದನೇ ಸ್ಪೀಡೂ ಇಲ್ಲ.

ಹರಿಹರ 1100

ಕಿರುಗುಟ್ಟುವುದು ಬುಷ್, ಅಂದರೆ ಮೋಟಾರ್‌ನ ಅಚ್ಚು ಕೂತು ತಿರುಗುವ ಬಳೆ, ಒಣಗಿ. ಮೋಟಾರ್ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ. ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಶುರು ಮಾಡಿ. ಎರಡು ಕಡೆಯ ಬುಷ್‌ಗೂ ಹೊಲಿಗೆ ಮಷಿನ್ ಎಣ್ಣೆ ಎರಡೆರಡು ಹನಿ, ಜಾಸ್ತಿ ಬೇಡ. ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತುಂಡುಗಳ ಮೇಲೆ ಎಣ್ಣೆ ಬಿದ್ದರೆ ಹೊಸ ತಲೆನೋವು. ಕಾರ್ಬನ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ನುಣ್ಣನೆ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ. ಎಮರಿ ಕಾಗದ ಬೇಡ. ಕಾರ್ಬನ್ ಸವೆದಿದ್ದರೆ ಅದೇ ಅಳತೆಯದು ಬೇಕು ಅಂತ ಅಲೆಯಬೇಡಿ. ವೈಂಡಿಂಗ್ ಅಂಗಡಿಯಲ್ಲಿ ಸ್ವಲ್ಪ ದೊಡ್ಡದು ತಗೊಂಡು ಅರದಲ್ಲಿ ತೀಡಿ ಕೂರಿಸಿ. ಕಾರ್ಬನ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು.

ಎರಡರಲ್ಲಿ ಓಡಿ ಒಂದರಲ್ಲಿ ಓಡದಿದ್ದರೆ ಹೆಚ್ಚು ಪಾಲು ರೆಸಿಸ್ಟೆನ್ಸ್ ಕಾಯಿಲ್ (ಕರೆಂಟ್ ತಗ್ಗಿಸಿ ಸ್ಪೀಡ್ ಇಳಿಸುವ ತಂತಿ ಸುರುಳಿ) ಕಡಿದಿರುತ್ತದೆ. ಎರಡನೇ ಸ್ಪೀಡಿಗೆ ಅದು ಬೇಕಿಲ್ಲ, ನೇರ ಕರೆಂಟ್. ಕಾಯಿಲ್ ಗಾಳಿಯ ದಾರಿಯಲ್ಲೇ ಇರುತ್ತದೆ, ಆ ಗಾಳಿಯೇ ಅದನ್ನು ತಣ್ಣಗಿಡೋದು. ಕಡಿದ ಜಾಗಕ್ಕೆ ಬೆಸುಗೆ ಹಾಕಬೇಡಿ, ಆ ತಂತಿಗೆ ಬೆಸುಗೆ ಹಿಡಿಯೋದಿಲ್ಲ. ತುದಿ ಉಜ್ಜಿ ಸಣ್ಣ ನಟ್ಟು ಬೋಲ್ಟಿನಲ್ಲಿ ಬಿಗಿಯಿರಿ.

ಭಟ್ಟಿ ಓಣಿ ಪದ್ಮಿನಿ

ಭಾನುವಾರ ಪೂರ್ತಿ ಇದೇ ಕೆಲಸ. ಫ್ಯಾನ್ ಡಬ್ಬಿ ತೆಗೆದಾಗ ನನಗೆ ನಂಬೋಕಾಗಲಿಲ್ಲ. ನಮ್ಮ ಮನೆ ಇರೋದು ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ. ಮಸಿ, ಭತ್ತದ ಹೊಟ್ಟಿನ ಬೂದಿ ಎಲ್ಲಾ ಸೇರಿ ಫ್ಯಾನಿನ ಒಂದೊಂದು ಸಣ್ಣ ರೆಕ್ಕೆಯ ಸಂದಿಯಲ್ಲೂ ಕಪ್ಪಗೆ ಹೆಪ್ಪುಗಟ್ಟಿತ್ತು. ಕಾಯಿಲ್ ಮೇಲೂ ಅದೇ ಹೊದಿಕೆ. ಗಾಳಿ ತಾಗದೆ ಕಾಯಿಲ್ ರಿವಿಟ್ ಹತ್ತಿರ ಸುಟ್ಟು ಕಡಿದಿದೆ. ಅಮ್ಮ ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಕಟ್ಟೆ ಮೇಲೆ ಕೂತು ಒಂದೊಂದೇ ರೆಕ್ಕೆ ಉಜ್ಜಿ ಕೊಟ್ಟರು. ಅಪ್ಪ ಇದ್ದಿದ್ದರೆ ಇಷ್ಟು ಮಸಿ ಕೂರೋಕೆ ಬಿಡುತ್ತಿರಲಿಲ್ಲ ಅಂದರು.

ಎಣ್ಣೆ ಬಿಟ್ಟು, ಕಾರ್ಬನ್ ಬದಲಿಸಿ, ಕಾಯಿಲ್ ಬಿಗಿದು ಕೂರಿಸಿದೆ. ಎರಡೂ ಸ್ಪೀಡ್ ಬಂತು, ಸದ್ದೂ ಇಲ್ಲ. ಆದರೆ ಇಷ್ಟು ಜೋರಾಗಿ ತಿರುಗಿದರೂ ಗ್ಲಾಸಿಗೆ ಗಾಳಿ ಬರುತ್ತಿರೋದು ಉಫ್ ಅಂತ ಊದಿದಷ್ಟೇ. ಏನು ತಪ್ಪು ಮಾಡಿದೆ?

ಹರಿಹರ 1100

ಮೋಟಾರ್‌ನ ಎರಡು ವೈರ್ ಅದಲು ಬದಲಾಗಿವೆ. ಮ್ಯಾಗ್ನೆಟ್ ಮೋಟಾರ್ ಆದರೆ ಉಲ್ಟಾ ತಿರುಗುತ್ತದೆ. ಈ ಥರದ ಉರುಳೆ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಬರೋದು ಅದೇ ಬಾಯಿಂದ, ಆದರೆ ತೀರಾ ಕಡಿಮೆ. ಅದಕ್ಕೇ ಗೊತ್ತಾಗೋದಿಲ್ಲ. ಮೋಟಾರ್‌ನ ಮೈ ಅರ್ತ್‌ಗೆ ಸೇರಿಲ್ಲ ಅಂತ ಮೀಟರ್‌ನಲ್ಲಿ ನೋಡಿಕೊಂಡು ವೈರ್ ಬದಲಿಸಿ.

ಭಟ್ಟಿ ಓಣಿ ಪದ್ಮಿನಿ

ಅದೇ ಆಗಿತ್ತು ಸರ್! ಬದಲಿಸಿದ ತಕ್ಷಣ ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಪೆಟ್ರೋಲ್ ಚೀಟಿ ಹಾರಿ ಹಿಂದಿನ ಸೀಟಿಗೆ ಬಿತ್ತು.

ಇವತ್ತು ಬೆಳಿಗ್ಗೆ ಐದೂವರೆಗೆ ಕುಂದುವಾಡ ಕೆರೆ ಹತ್ತಿರ ನಿಲ್ಲಿಸಿ ಪರೀಕ್ಷೆ ಮಾಡಿದೆವು. ನಾಲ್ಕು ಜನ, ಒದ್ದೆ ಟವೆಲ್ ಎರಡು, ಕಿಟಕಿ ಪೂರ್ತಿ ಏರಿಸಿ. ಗ್ಲಾಸ್ ಹಾಲಿನ ಹಾಗೆ ಮಬ್ಬಾಯಿತು. ಇಂಜಿನ್ ಬಿಸಿಯಿತ್ತು, ಹೊರಗಿನ ಗಾಳಿಯ ಮುಚ್ಚಳ ತೆರೆದು ಎರಡನೇ ಸ್ಪೀಡ್ ಹಾಕಿದೆ. ಕೆಳಗಿನ ಅಂಚಿನಿಂದ ಎರಡು ಅರ್ಧಚಂದ್ರ ಮೂಡಿ ದೊಡ್ಡದಾಗುತ್ತಾ ಹೋದವು. ಮೂರು ನಿಮಿಷಕ್ಕೆ ಕೆರೆ ಕಾಣಿಸಿತು.

ಸ್ವಿಚ್ ಮಾತ್ರ ಇನ್ನೂ ಬೆಚ್ಚಗಾಗುತ್ತಿದೆ, ಅಲ್ಲಿ 0.4 ವೋಲ್ಟ್ ಹೋಗುತ್ತಿದೆ. ಸ್ವಿಚ್ ಬದಲು ಮೋಟಾರ್‌ನ ಕರೆಂಟ್ ತಾನೇ ಹೊರುವ ಒಂದು ರಿಲೇ ಹಾಕಿಬಿಡೋಣ ಅಂತಿದ್ದೇನೆ. ದುರ್ಗದ ಅಣ್ಣ, ಪದ್ಮಿನಿಯಲ್ಲಿ ನೀವು ರಿಲೇ ಎಲ್ಲಿ ಕೂರಿಸುತ್ತೀರಿ? ಫೋಟೋ ಇದ್ದರೆ ದಯವಿಟ್ಟು ಹಾಕಿ.