ರಿಸೆಪ್ಶನ್ ಸೀಟು: ಅರ್ಜಿ ಹಾಕಿದವರು ನಿಮ್ಮ ಅನುಭವ ಹೇಳಿ

ಹೊಸಬ ಅಪ್ಪ:
ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ಮಗಳಿಗೆ ಮೇನಲ್ಲಿ ನಾಲ್ಕು ತುಂಬುತ್ತೆ, ಸೆಪ್ಟೆಂಬರಿಗೆ ರಿಸೆಪ್ಶನ್, ಅಂದರೆ ಇಲ್ಲಿನ ಶಾಲೆಯ ಮೊದಲ ತರಗತಿ. ಜನವರಿ 15ರೊಳಗೆ ಕೌನ್ಸಿಲ್‌ಗೆ (ನಮ್ಮ ಕಡೆಯ ನಗರಸಭೆ ಥರ) ಅರ್ಜಿ ಹಾಕಬೇಕು. ಬಾಲ್ಕನಿಯಿಂದ ಕಾಣುವ ಶಾಲೆಗೆ ನಮ್ಮ ಮನೆ 530 ಮೀಟರ್. ಹತ್ತಿರದ ಮನೆಯವರಿಗೆ ಮೊದಲು ಕೊಡ್ತಾರೆ, ಹೋದ ವರ್ಷ ಕೊನೆಯ ಸೀಟು ಸಿಕ್ಕಿದ್ದು 412 ಮೀಟರಿನ ಮನೆಗೆ. ಅದೊಂದೇ ಶಾಲೆ ಬರೆದರೆ ಕೊಡ್ತಾರಾ? ಇಲ್ಲ ಮನೆ ಬದಲಿಸಬೇಕಾ?

ತುಂಗಾತೀರ:
ಒಂದೇ ಶಾಲೆ ಬರೆದ ಮಹಾನುಭಾವ ನಾನೇ. ಆರು ಬರೆಯೋಕೆ ಜಾಗ ಇತ್ತು. ಬೇರೆ ಹೆಸರು ಕೊಟ್ಟರೆ ಅಲ್ಲಿಗೇ ತಳ್ಳಿಬಿಡ್ತಾರೆ ಅಂತ ಐದು ಖಾಲಿ ಬಿಟ್ಟೆ. ಯಾವ ಶಾಲೆ ಅಂತ ತಿಳಿಸುವ ಏಪ್ರಿಲ್ 16ರ ಮೇಲ್ ತೆರೆದರೆ ಹೆಸರೇ ಕೇಳದ ಶಾಲೆ. 1.9 ಮೈಲಿ. 2 ಮೈಲಿ ದಾಟಿದ್ದರೆ ಎಂಟರೊಳಗಿನ ಮಗುವಿಗೆ ಕೌನ್ಸಿಲ್ಲೇ ಬಿಟ್ಟಿ ಗಾಡಿ ಕೊಡಬೇಕಿತ್ತು. ನಡೆಯುವ ದಾರಿಯನ್ನು ನಾನೇ ಮೂರು ಸಲ ಅಳೆದೆ. 1.9 ಅಂದರೆ 1.9. ಶಾಲೆಗೆ ಮೊದಲು ಮಗು ನೋಡಿಕೊಳ್ಳುವ ಬ್ರೇಕ್‌ಫಾಸ್ಟ್ ಕ್ಲಬ್ 6 ಪೌಂಡ್, ಶಾಲೆ ಬಿಟ್ಟ ಮೇಲಿನ ಸಂಜೆ ಕ್ಲಬ್ 14. ದಿನಕ್ಕೆ 20, ವಾರಕ್ಕೆ 100, 38 ವಾರಕ್ಕೆ 3,800. ಬಸ್ಸಿನದು ಬೇರೆ. ನಾವು ಕೇಳಿದ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಏಳನೆಯವರಾಗಿದ್ದೆವು, ಜುಲೈಗೆ ಹನ್ನೊಂದು! ಶಾಲೆ ಪಕ್ಕದ ಬೀದಿಗೆ ಯಾರೋ ಹೊಸದಾಗಿ ಬಂದರೆ ಅವರು ನಮಗಿಂತ ಮುಂದೆ. ರೇಷನ್ ಕ್ಯೂನಲ್ಲೂ ನಾನು ಹೀಗೆ ಹಿಂದಕ್ಕೆ ಹೋದವನಲ್ಲ.

ಮಂಡ್ಯದ್ ಹೈದ:
ಅಣ್ಣಾ, ನೀವು ಎಷ್ಟನೇ ನಂಬರಿಗೆ ಬರೆದಿದ್ದೀರಿ ಅನ್ನೋದು ಶಾಲೆಗೆ ಗೊತ್ತೇ ಆಗಲ್ಲ. ನಿಯಮದ ಪ್ರಕಾರ ಸಿಗುವುದರಲ್ಲಿ ಮೇಲಿನದನ್ನ ಕೌನ್ಸಿಲ್ ಕೊಡುತ್ತೆ, ಅಷ್ಟೇ. ಖಾಲಿ ಬಿಟ್ಟಿದ್ದು ನಿಮ್ಮದೇ ತಪ್ಪು. ನಾವು ಲೆಕ್ಕ ಹಾಕಿ ನವೆಂಬರ್‌ನಲ್ಲೇ ಮನೆ ಬದಲಿಸಿದೆವು. ಬಾಡಿಗೆ 1,450ರಿಂದ 1,800. ಐದು ವಾರದ ಅಡ್ವಾನ್ಸ್ 2,076 ಪೌಂಡ್. ಹಳೇ ಮನೆಯವನು ಕಾರ್ಪೆಟ್ ಕಲೆ ಅಂತ 180 ಹಿಡಿದುಕೊಂಡ. ಅದು ರಸಂ ಕಲೆ, ಒಪ್ಪಿಕೊಳ್ತೀನಿ. ಅಗ್ರಿಮೆಂಟ್, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಹಳೇ ಮನೆ ಬಿಟ್ಟ ಕಾಗದ ಎಲ್ಲ ಕೌನ್ಸಿಲ್‌ನವರು ಕೇಳಿದರು. ಮೊದಲನೇ ಶಾಲೆಯೇ ಸಿಕ್ಕಿತು. ಮಗ ಈಗ ಇಯರ್ 2 (ರಿಸೆಪ್ಶನ್ ಆದ ಮೇಲಿನ ಎರಡನೇ ವರ್ಷ), ಅಣ್ಣ ಅಲ್ಲೇ ಓದೋದರಿಂದ ಚಿಕ್ಕವಳಿಗೆ ಆದ್ಯತೆ ಸಿಗುತ್ತೆ.

ಧಾರವಾಡ ಪೇಡಾ:
ರೊಕ್ಕ ಇದ್ದವರ ಆಟ ಇದು. ಎಲ್ಲರೂ ತಿಂಗಳಿಗೆ 350 ಜಾಸ್ತಿ ಕೊಡೋಕಾಗುತ್ತಾ? ನಾವು ಅಪೀಲ್ ಹಾಕಿದ್ವಿ. 43 ಪುಟದ ಫೈಲ್. ನನ್ನ ಮೊಣಕಾಲಿಗೆ ಡಾಕ್ಟರ್ ಪತ್ರ, ಬಣ್ಣ ಹಚ್ಚಿದ ನಕ್ಷೆ, ಮಗಳು ಬರೆದ ಚಿತ್ರ ಕೂಡ. ಪ್ಯಾನೆಲ್‌ನವರು ಮೂರು ಜನ, ಬಹಳ ಮರ್ಯಾದೆಯಿಂದ ಕೇಳಿದರು. ಆಮೇಲೆ ಇಲ್ಲ ಅಂದರು. ಸಣ್ಣ ಮಕ್ಕಳ ತರಗತಿಗೆ ಒಬ್ಬ ಟೀಚರಿಗೆ 30 ಮಕ್ಕಳು, ಅದು ಕಾನೂನು. ಕೌನ್ಸಿಲ್ ಅಳತೆ, ನಿಯಮ ಇಂಥದ್ದರಲ್ಲಿ ತಪ್ಪಿದ್ದರೆ, ಇಲ್ಲ ನಿರ್ಧಾರ ತೀರಾ ಅಸಂಗತವಾಗಿದ್ದರೆ ಮಾತ್ರ 31ನೆಯದಕ್ಕೆ ಆಸೆ. ಇದನ್ನ ಮೊದಲೇ ಯಾರಾದರೂ ಹೇಳಿದ್ದರೆ ಮೂರು ವಾರ ನಿದ್ದೆ ಮಾಡ್ತಿದ್ದೆ.

ಮಂಡ್ಯದ್ ಹೈದ:
ರೊಕ್ಕ ಅಂತೆ! ಆ 350 ಹೊಂದಿಸೋಕೆ ಎರಡು ವರ್ಷ ಊರಿಗೆ ಹೋಗಿಲ್ಲ ಮೇಡಂ. ಅಮ್ಮನ ಕಣ್ಣಿನ ಆಪರೇಷನ್‌ಗೂ ಹೋಗಲಿಲ್ಲ.

ಕುಡ್ಲದವಳು:
ನನ್ನದು ಇನ್ನೂ ಬೇರೆ. ನಾವು ಕ್ಯಾಥೊಲಿಕ್, ಬ್ಯಾಪ್ಟಿಸಂ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿ ಇಟ್ಟಿದ್ದೇವೆ. ಕೌನ್ಸಿಲ್ ಅರ್ಜಿ ಹಾಕಿ ನಿಶ್ಚಿಂತೆಯಿಂದ ಕೂತೆ. ಚರ್ಚ್ ಶಾಲೆಗೆ ಫಾದರ್ ಸಹಿ ಇರುವ ಇನ್ನೊಂದು ಫಾರ್ಮ್ ಶಾಲೆಗೇ ಕೊಡಬೇಕಂತೆ. ಕೊಟ್ಟಿರಲಿಲ್ಲ. ನಮ್ಮನ್ನ ಕಟ್ಟಕಡೆಯ ಗುಂಪಿಗೆ ಹಾಕಿದರು. ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂರುವವರ ಮಗುವಿಗೆ ಸೀಟು ಸಿಕ್ಕಿತು. ಈಗಲೂ ಭಾನುವಾರ ಅವರ ಮುಖ ನೋಡುವಾಗ ಒಳಗೆ ಚುರ್ ಅನ್ನುತ್ತೆ, ಪಾಪ ಅವರದೇನು ತಪ್ಪು.

ತುಂಗಾತೀರ:
ಸರ್ಕಾರದ ದುಡ್ಡಿನ ಶಾಲೆಗೆ ಪಾದ್ರಿ ಸಹಿ ಯಾಕೆ? ನಮ್ಮ ಪಕ್ಕದ ಮನೆಯವರು ಸೀಟಿಗೋಸ್ಕರ ಎರಡು ವರ್ಷ ಚರ್ಚ್‌ಗೆ ಹೋದರು. ಸೀಟು ಸಿಕ್ಕ ವಾರದಿಂದ ನಿಲ್ಲಿಸಿದರು.

ಕುಡ್ಲದವಳು:
ಹೋದವರನ್ನ ಕೇಳಿ, ನನ್ನನ್ನ ಯಾಕೆ ಕೇಳ್ತೀರಿ? ನೀವು ಐದು ಗೆರೆ ಖಾಲಿ ಬಿಟ್ಟಿದ್ದಕ್ಕೂ ಫಾದರ್ ಕಾರಣವಾ?

ಧಾರವಾಡ ಪೇಡಾ:
ಸರಿಯಾಗಿ ಹೇಳಿದಿರಿ ಅಕ್ಕಾ. ಹೈದ ಅವರೇ, ಅಮ್ಮನ ವಿಷಯ ಗೊತ್ತಿರಲಿಲ್ಲ. ಆದರೂ ಆ ಬೀದಿಯಲ್ಲಿ ಬಾಡಿಗೆ ಏರಿಸಿದ್ದು ನಿಮ್ಮಂಥವರೇ.

ಹೊಸಬ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ನನ್ನ 530 ಮೀಟರ್ ಬಗ್ಗೆ ಯಾರಾದರೂ...

ಮಂಡ್ಯದ್ ಹೈದ:
ಎಲ್ಲಿಂದ ಅಳೆದಿರಿ ಸರ್? ಫೋನಿನ ಮ್ಯಾಪಿನಲ್ಲಾ?

ಹೊಸಬ ಅಪ್ಪ:
ಹೌದು, ನಡೆಯುವ ದಾರಿ.

ತುಂಗಾತೀರ:
ಅಯ್ಯೋ, ನಮ್ಮ ಕೌನ್ಸಿಲ್‌ನಲ್ಲಿ ಸೀಟಿಗೆ ನೇರ ಗೆರೆ ಎಳೆದು ಅಳೀತಾರೆ, ಬಿಟ್ಟಿ ಗಾಡಿಗೆ ಮಾತ್ರ ನಡಿಗೆ ದಾರಿ. ನಿಮ್ಮಲ್ಲಿ ಯಾವುದು ಅಂತ ಅಡ್ಮಿಷನ್ ಪುಸ್ತಿಕೆ ತೆಗೆದು ನೋಡಿ. ನನ್ನ 1.9 ಇದೆಯಲ್ಲ, ನೇರ ಗೆರೆಯಲ್ಲಿ ಅದು 1.4 ಕಣ್ರೀ.