ಬರಿಗಾಲಿನ ಓಟವೋ, ಮೆತ್ತನೆಯ ಶೂವೋ? ಅನುಭವಸ್ಥರು ತಿಳಿಸಿ

ಹಾಸನದ ಓಟಗಾರ: ಮೊಣಕಾಲು ನೋವಿನಿಂದ ಬೇಸತ್ತಿದ್ದೇನೆ. ಶೂ ಬಿಟ್ಟು ಬರಿಗಾಲಿನಲ್ಲಿ ಓಡಿದರೆ ನೋವು ಕಡಿಮೆಯಾಗುತ್ತದೆಯೇ?

ಮೂಡಿಗೆರೆಯ ಬೆಳೆಗಾರ: 9,500 ರೂಪಾಯಿಯ ಶೂ ನಮ್ಮ ಒಂದು ಮಳೆಗಾಲವನ್ನೂ ತಾಳಲಿಲ್ಲ. ಸೌದೆ ಒಲೆಯ ಹತ್ತಿರ ಒಣಗಲಿಟ್ಟಾಗ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯಿತು. 250 ರೂಪಾಯಿ ತೆತ್ತು ಹೊಲಿಸಿದರೆ ಮರುವಾರವೇ ಹೊಲಿಗೆ ಕಿತ್ತಿತು. ಈಗ ತೋಟದ ಮಣ್ಣು ದಾರಿಯಲ್ಲಿ, ಹಿಮ್ಮಡಿ ಕುಟ್ಟದಂತೆ ಮುಂಗಾಲೂರಿ, ಬರಿಗಾಲಿನಲ್ಲೇ ಓಡುತ್ತೇನೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಮ್ಯಾರಥಾನ್ ಗೆದ್ದದ್ದು ಬರಿಗಾಲಿನಲ್ಲೇ ಅಲ್ಲವೇ?

ಹಾಸನದ ಮೇಷ್ಟ್ರು: ಇಂಥ ಮಾತು ನಂಬಿಯೇ ನನ್ನ ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣಲೇ ಇಲ್ಲ, 400 ರೂಪಾಯಿ ದಂಡವಾಯಿತು. ಎಂಆರ್‌ಐಗೆ 6,500, ಮೂಳೆ ಕೂಡುವವರೆಗೆ ಕಾಲಿಗೆ ತೊಡುವ ಬೂಟಿಗೆ 2,800. ಆಟೋ ಬಾಡಿಗೆ ಬಿಟ್ಟೇ 9,700 ರೂಪಾಯಿ. ತಮ್ಮ ಶೂವಿಗಿಂತ ನನ್ನ ಬರಿಗಾಲೇ ದುಬಾರಿಯಾಯಿತು. ಬಿಕಿಲಾನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ: ರೋಮ್‌ನಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡು ತೆಗೆದುಕೊಂಡವನು 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು 2 ಗಂಟೆ 12 ನಿಮಿಷ 11 ಸೆಕೆಂಡುಗಳಲ್ಲಿ ಗೆದ್ದ.

ಮೂಡಿಗೆರೆಯ ಬೆಳೆಗಾರ: ಆ ವೇಗ ನಾಲ್ಕು ವರ್ಷಗಳ ಸಾಧನೆಯದು, ಶೂವಿನದಲ್ಲ.

ಹಾಸನದ ಮೇಷ್ಟ್ರು: ಟೋಕಿಯೊಗೆ ಕೆಲವೇ ವಾರಗಳ ಮೊದಲು ಅವನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿತ್ತು. ಹಾಸಿಗೆಯಲ್ಲಿ ಮಲಗಿ ಸಾಧನೆ ಮಾಡಿದನೇ?

ಚಿಕ್ಕಮಗಳೂರಿನ ಫಿಸಿಯೋಥೆರಪಿಸ್ಟ್: ಮುಂಗಾಲೂರಿ ಓಡಿದರೆ ಮೊಣಕಾಲಿನ ಭಾರ ತಗ್ಗುವುದು ನಿಜ, ಆದರೆ ಅದು ಮಾಯವಾಗುವುದಿಲ್ಲ; ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ವರ್ಗವಾಗುತ್ತದೆ. ವರ್ಷಗಟ್ಟಲೆ ಎತ್ತರದ ಹಿಮ್ಮಡಿಯ ಶೂ ತೊಟ್ಟವರು ಒಮ್ಮೆಲೇ ಬರಿಗಾಲಿಗೆ ಇಳಿದರೆ ಮೊದಲು ಸೋಲುವುದು ಅವೇ. ನಾನು ಶೂವನ್ನೂ ಬಿಟ್ಟಿಲ್ಲ, ಹುಲ್ಲಿನ ಮೇಲೆ ತುಸು ದೂರದ ಬರಿಗಾಲಿನ ಓಟವನ್ನೂ ಬಿಟ್ಟಿಲ್ಲ.

ಸಕಲೇಶಪುರದವರು: ಜುಲೈಯಲ್ಲಿ ಬರಿಗಾಲೇ? ಇಂಬಳಗಳಿಗೆ ಔತಣ!

ಮೂಡಿಗೆರೆಯ ಬೆಳೆಗಾರ: ಇಂಬಳ ಶೂವಿನೊಳಗೂ ನುಗ್ಗುತ್ತದೆ, ಸ್ವಾಮಿ. ಬರಿಗಾಲಿನಲ್ಲಾದರೆ ಕಂಡೊಡನೆ ಕಿತ್ತು ಎಸೆಯಬಹುದು. ಕಾಲುಚೀಲದೊಳಗಿನದು ಗೊತ್ತಾಗುವುದು ರಕ್ತ ಒಸರಿದ ಮೇಲೆಯೇ.

ಹಾಸನದ ಮೇಷ್ಟ್ರು: ಇಂಬಳ ಕಚ್ಚಿದವರಿಗೆ ಎಂಆರ್‌ಐ ಬೇಕಾಗುವುದಿಲ್ಲ.